ಅಪ್ಪನ ಹಲ್ಲು, ಏಳನೇ ಸಲ

ನಮ್ಮಕ್ಕ ಹಲ್ಲು ಕಟ್ಟುವವಳು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಪ್ಲಾಸ್ಟರಿನ ಅಚ್ಚಿಗೆ ಮೇಣ ಮೆತ್ತಿ, ಒಂದೊಂದೇ ಹಲ್ಲು ಜೋಡಿಸಿ ಸೆಟ್ಟು ಮಾಡುವವಳು ಇವಳು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಊರಲ್ಲಿ ವಯಸ್ಸಾದವರು ಯಾರು ನಕ್ಕರೂ ಅರ್ಧ ನಗು ನಮ್ಮಕ್ಕನದು ಅಂತ ನಾನು ಜಂಬ ಕೊಚ್ಚುತ್ತೇನೆ. ಅವಳು ಕೊಚ್ಚಿಕೊಳ್ಳುವವಳಲ್ಲ, ಅದಕ್ಕೇ ನಾನು.

ಅಪ್ಪ ಬಡಗಿಯಾಗಿದ್ದವರು. ಹೊಗಳಿಕೆ ಅಂದರೆ ಅವರ ಬಾಯಲ್ಲಿ ಒಂದೇ ಮಾತು: "ಪರವಾಗಿಲ್ಲ." ಅಕ್ಕ ತರಗತಿಗೇ ಮೊದಲು ಬಂದಾಗಲೂ ಪರವಾಗಿಲ್ಲ, ನನಗೆ ಗಂಡು ನೋಡಿ ಬಂದಾಗಲೂ ಪರವಾಗಿಲ್ಲ. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಅಕ್ಕನಿಗೆ ಮಾತ್ರ ಅದು 'ಹೇಗೋ ನಡೆಯುತ್ತೆ, ಇನ್ನೂ ಚೆನ್ನಾಗಿ ಮಾಡಬಹುದಿತ್ತು' ಅಂತಲೇ ಕೇಳುತ್ತಿತ್ತು.

ಹೀಗಿರುವಾಗ ಅಪ್ಪನ ಹಲ್ಲನ್ನೆಲ್ಲ ಕೀಳಿಸಬೇಕಾಯಿತು. ಅಕ್ಕ ಸೆಟ್ಟು ಮಾಡಿ ತಂದಳು. ಅಪ್ಪ ಹಾಕಿಕೊಂಡು, ಒಳಗೆಲ್ಲ ನಾಲಿಗೆ ಆಡಿಸಿ, "ಪರವಾಗಿಲ್ಲ" ಅಂದರು. ಮುಗಿಯಿತು! ಇವಳು ಅದನ್ನು ಕಿತ್ತುಕೊಂಡು ವಾಪಸ್ ಹೋದಳು. ಹೀಗೆ ಆರು ಸಲ. ಮೂರು ತಿಂಗಳು ಅಪ್ಪ ಹಿಸುಕಿದ ಅನ್ನ ನುಂಗಿ ನುಂಗಿ, ಬೆಲ್ಟಿಗೆ ಎರಡು ಹೊಸ ತೂತು ಕೊರೆದುಕೊಂಡರು. ಹಿಸುಕುತ್ತಿದ್ದವಳು ನಾನು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕಡಲೆಯೂ ಇತ್ತು, ಹಲ್ಲೂ ಇತ್ತು, ನಡುವೆ ನಮ್ಮಕ್ಕ ಇದ್ದಳು.

ಏಳನೆಯದು ತಯಾರಾದ ದಿನ ನಾನೇ ಆಸ್ಪತ್ರೆಗೆ ಹೋಗಿ ಅವಳ ಕೋಣೆಗೆ ನುಗ್ಗಿದೆ. ಅಕ್ಕ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ, "ಎಡಗಡೆ ಕೂದಲೆಳೆಯಷ್ಟು ಎತ್ತರ ಆಗಿದೆ ಕಣೇ. ಇನ್ನೊಂದು ಮಾಡ್ತೀನಿ" ಅಂದಳು. ನನಗೆ ಪಿತ್ತ ನೆತ್ತಿಗೇರಿತು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಅವಳು ಹಲ್ಲು ಕಟ್ಟಿದ ಬಾಯಿಗಳ ಅಚ್ಚುಗಳಿದ್ದವು. ಒಂದನ್ನು ಎಳೆದು ಮೇಜಿನ ಮೇಲೆ ಕುಕ್ಕಿದೆ.

"ಇದ್ಯಾರದು?"

"ಬಸ್ ಕಂಡಕ್ಟರದು. ಸೀಟಿ ಊದೋಕಾಗಲ್ಲ ಅಂತ ಅತ್ತುಬಿಟ್ಟಿದ್ರು."

"ಈಗ?"

"ಊದ್ತಾರೆ. ಮೂರು ಬೀದಿಗೆ ಕೇಳುತ್ತೆ."

"ಇದು?"

"ಒಬ್ಬರು ಅಜ್ಜಿದು. ಮುಂದಿನ ಹಲ್ಲಿನ ನಡುವೆ ಸಂದು ಬೇಕೇ ಬೇಕು ಅಂದ್ರು. ಗಂಡ ಮೆಚ್ಚಿದ್ದೇ ಆ ಸಂದನ್ನಂತೆ." ಹೇಳುತ್ತಾ ಅವಳ ಮುಖ ಅರಳಿತು.

"ಸರಿ. ಇಷ್ಟರಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದ್ದು ಯಾವುದು, ತೋರಿಸು."

ಅಕ್ಕ ಹಲಗೆಯಿಂದ ಹಲಗೆಗೆ ಕಣ್ಣಾಡಿಸಿದಳು. ಸುಮಾರು ಹೊತ್ತು ಹಿಡಿಯಿತು.

"ಒಂದೂ ಇಲ್ಲ. ಎಲ್ಲಾನೂ ಆಮೇಲೆ ಒಂಚೂರು ಉಜ್ಜಿಕೊಟ್ಟಿದ್ದೇ."

"ಊಟ ಮಾಡ್ತಾರಾ?"

"ಮಾಡ್ತಾರೆ." ಆಮೇಲೆ ಜಗಳಕ್ಕೆ ನಿಂತವಳ ಹಾಗೆ ಎದ್ದಳು. "ಎಲ್ಲರೂ ಮಾಡ್ತಾರೆ ಕಣೇ! ನಾನು ಕಟ್ಟಿದ ಹಲ್ಲಲ್ಲೇ ಮಾಡ್ತಾರೆ!"

ಸೆಟ್ಟನ್ನು ಡಬ್ಬಿಗೆ ಹಾಕಿಕೊಂಡು ನನಗಿಂತ ಮೊದಲು ಮನೆ ಸೇರಿದ್ದಳು. ಅಪ್ಪ ಹಾಕಿಕೊಂಡರು. "ಪರವಾಗಿಲ್ಲ" ಅಂದವರೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು, ಎಲ್ಲಿ ಕಿತ್ತುಕೊಳ್ಳುತ್ತಾಳೋ ಅಂತ. ಅಕ್ಕ ಕೈ ಚಾಚಲೇ ಇಲ್ಲ.

"ಪರವಾಗಿಲ್ಲ ಅಲ್ಲಪ್ಪ, ಸೊಗಸಾಗಿದೆ. ನೀವು ಹೇಳದಿದ್ರೆ ಬೇಡ. ಇಪ್ಪತ್ತಾರು ವರ್ಷ ಹಲ್ಲು ಕಟ್ಟಿದವಳು ನಾನು, ನಾನೇ ಹೇಳ್ತಿದ್ದೀನಿ."

ಅಪ್ಪ ಕೈಯ ಸಂದಿಯಿಂದಲೇ ಗೊಣಗಿದರು: "ನಾನೂ ಅದನ್ನೇ ಅಲ್ವೇನಮ್ಮಾ ಹೇಳಿದ್ದು? ಏಳು ಸಲಾನೂ?"

"ಹಾಗಿದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು!"

"ಬಾಯಿಬಿಟ್ರೆ ನೀನು ಕಿತ್ಕೊಳ್ತಿದ್ದೆ."

ಅವತ್ತು ನಾನು ಅನ್ನ ಹಿಸುಕಲಿಲ್ಲ. ಮುಂದಿನ ವಾರ ಅಪ್ಪ ಎಡಗಡೆ ಒತ್ತುತ್ತೆ ಅಂದರು. ನಾನು ಅನ್ನ ಹಿಸುಕುವ ಬಟ್ಟಲು ಹುಡುಕತೊಡಗಿದೆ. ಅಕ್ಕ ಎರಡು ನಿಮಿಷ ಉಜ್ಜಿ, ತೊಳೆದು, ಅವರ ಕೈಗಿಟ್ಟು ಕೆಲಸಕ್ಕೆ ಹೊರಟಳು. ಎಂಟನೆಯದು ಮಾಡಲಿಲ್ಲ.