ಡಿ ಡ್ರೈವಿನಲ್ಲಿದ್ದ ಬಂಡೆಗಳು

೨೦೨೨ನೇ ಇಸವಿಯ ಜುಲೈ ತಿಂಗಳ ಕೊನೆಯ ವಾರ. ನನಗಾಗ ಅರವತ್ನಾಲ್ಕು ವರ್ಷ. ಹೊನ್ನಾವರದಲ್ಲಿ ಬಂದರಿಗೆ ಹೋಗುವ ರಸ್ತೆಯ ಮೇಲೆ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಕುಮಟೆಯಲ್ಲಿ ರೇಡಿಯೋ ರಿಪೇರಿ ಕಲಿತೆ, ಆಮೇಲೆ ಹೊನ್ನಾವರಕ್ಕೆ ಬಂದು ಟೈಪಿಂಗ್ ಕ್ಲಾಸು ನಡೆಸಿದೆ. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಅದೇ ಟೇಬಲ್ಲುಗಳ ಮೇಲೆ ಕಂಪ್ಯೂಟರ್ ಬಿಚ್ಚತೊಡಗಿದೆ. ಕ್ಲಾಸು ಹೋದರೂ ಊರಿನವರ ಬಾಯಲ್ಲಿ ನಾನು ‘ಮಾಸ್ತರ್ರು’ ಆಗಿಯೇ ಉಳಿದೆ. ಈಗ ಬರೆಯುತ್ತಿರುವುದು ಆ ಹೆಸರಿಗೆ ತಕ್ಕ ವಿಷಯವಲ್ಲ.

ಯಾವ ಕಂಪ್ಯೂಟರ್ ನಿಧಾನವಾದರೂ ನಾವು ಮಾಡುತ್ತಿದ್ದ ಮದ್ದು ಒಂದೇ, ಫಾರ್ಮ್ಯಾಟ್. ಅಂದರೆ ಹಳೆಯದನ್ನೆಲ್ಲ ಒರೆಸಿ ವಿಂಡೋಸನ್ನು ಹೊಸದಾಗಿ ತುಂಬುವುದು. ಒರೆಸುವಾಗ ಜನರ ಫೋಟೋ, ಕಾಗದಪತ್ರ ಹೋಗಬಾರದೆಂದು ಹಾರ್ಡ್ ಡಿಸ್ಕನ್ನು ಸಿ ಮತ್ತು ಡಿ ಎಂದು ಎರಡು ಪಾಲು ಮಾಡಿ ಕೊಡುತ್ತಿದ್ದೆವು. “ಸಿ ವಿಂಡೋಸಿಂದು, ಡಿ ನಿಮ್ದು. ಬೇಕಾದ್ದೆಲ್ಲ ಡಿಗೆ ಕಾಪಿ ಮಾಡಿ, ಹೆದ್ರೂಕೆ ಇಲ್ಲ” ಎಂದು ಎಷ್ಟೋ ಮನೆಗಳಲ್ಲಿ ನಾನು ಪಾಠ ಹೇಳಿದ್ದೇನೆ. ಎರಡೂ ಒಂದೇ ತಟ್ಟೆಯ ಎರಡು ಬದಿ, ತಟ್ಟೆ ಒಡೆದರೆ ಎರಡೂ ಹೋಗುತ್ತವೆ ಎಂದು ಯಾರಿಗೂ ಹೇಳಲಿಲ್ಲ. ಹೇಳುವಷ್ಟು ನಾನೇ ಯೋಚಿಸಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ನಾಗೇಶ ತನ್ನ ಕಂಪ್ಯೂಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದ. ಮೂವತ್ತೆಂಟರ ಆಸುಪಾಸಿನ ಮೀನುಗಾರ. ಕಡಲ ತಳದಲ್ಲಿ ಬಲೆ ಎಳೆದು ಮೀನು ಹಿಡಿಯುವ ಅವರ ಟ್ರಾಲ್ ಬೋಟಿಗೆ ಅವನ ಅಣ್ಣ ಸುಬ್ರಾಯ ತಾಂಡೇಲನಾಗಿದ್ದ. ಬೋಟು ನಡೆಸುವ ಮುಖ್ಯಸ್ಥನನ್ನು ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಸುಬ್ರಾಯ ಮಾರ್ಚಿನಲ್ಲಿ ಎದೆನೋವಿನಿಂದ ತೀರಿಕೊಂಡಿದ್ದ. ಆಗಸ್ಟ್ ಒಂದಕ್ಕೆ ಮೀನುಗಾರಿಕೆಯ ರಜೆ ಮುಗಿದರೆ ಬೋಟು ನಾಗೇಶನೇ ನಡೆಸಬೇಕಿತ್ತು.

ಆಗ ಅಂಗಡಿಯಲ್ಲಿ ಈಶ್ವರ ಎಂಬ ಇನ್ನೊಂದು ಬೋಟಿನ ತಾಂಡೇಲ ಆಧಾರ್ ಪ್ರಿಂಟಿಗೆ ಕಾದು ಕೂತಿದ್ದ.

“ಆನ್ ಆಗೂಕೇ ಕಾಲು ಗಂಟೆ ಬೇಕು ಮಾಸ್ತರ್ರೆ. ಒಂದೊಂದ್ ಸಲ ನೀಲಿ ಬಣ್ಣ ಆಗಿ ನಿಂತ್‌ಬಿಡ್ತದೆ” ಎಂದ ನಾಗೇಶ.

“ಒಳ್ಗೆ ಎಂತ ಇದೆ?”

“ಎಂತದೂ ಇಲ್ಲ. ಮಕ್ಕಳ ಫೋಟೋ, ನಾಕು ಪಿಚ್ಚರು.”

ಈಶ್ವರ ನಕ್ಕ. “ಸುಬ್ರಾಯಣ್ಣ ಬಲೆ ಹರ್ಕಂಡು ಬಂದದ್ದು ನಾ ಕಂಡದ್ದೇ ಇಲ್ಲ. ಆ ಗುಟ್ಟೂ ಅದ್ರೊಳ್ಗೇ ಇದ್ಯಾ ಹ್ಯಾಂಗೆ? ಇದ್ರೆ ನಂಗೂ ಒಂದು ಕಾಪಿ ಹಾಕ್ಸೊ ನಾಗೇಶ, ಚಾ ಕುಡಿಸ್ತೆ.”

ನಾನೂ ನಕ್ಕೆ. ನಾಗೇಶ ನಗಲಿಲ್ಲ. “ಡಿಯಲ್ಲಿ ಇದ್ದದ್ದು ಹಾಗೇ ಇರ್ತದಲ್ಲ ಮಾಸ್ತರ್ರೆ?” ಎಂದು ಕೇಳಿದ. ಬಾಗಿಲವರೆಗೆ ಹೋದವನು ತಿರುಗಿ ಬಂದು ಮತ್ತೊಮ್ಮೆ ಅದನ್ನೇ ಕೇಳಿದ.

“ಸಿ ಮಾತ್ರ ಒರೆಸ್ತೆ. ಡಿ ಮುಟ್ಟೂದೇ ಇಲ್ಲ. ಶುಕ್ರವಾರ ಬಾ” ಎಂದೆ.

ಅವನು ಹೋದ ಮೇಲೆ ಯಂತ್ರ ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಒಂದು ಸಾಲು ಬಂತು. ಹಾರ್ಡ್ ಡಿಸ್ಕಿನ ಸ್ಥಿತಿ ಕೆಟ್ಟಿದೆ, ಒಳಗಿರುವುದನ್ನು ಕಾಪಿ ಮಾಡಿಕೊಂಡು ಡಿಸ್ಕ್ ಬದಲಿಸಿ, ಮುಂದುವರಿಯಲು ಎಫ್ ಒನ್ ಒತ್ತಿ ಎಂಬ ಅರ್ಥದ ಇಂಗ್ಲಿಷ್ ಸಾಲು. ಹಳೆಯ ಯಂತ್ರಗಳಲ್ಲಿ ಕೀಬೋರ್ಡ್ ಸಡಿಲವಾದರೂ, ಫ್ಯಾನ್ ತಿರುಗದಿದ್ದರೂ ಇಂಥದೇ ಸಾಲು ಬರುತ್ತದೆ, ಎಲ್ಲದಕ್ಕೂ ಎಫ್ ಒನ್ ಒತ್ತುವುದು ನನಗೆ ರೂಢಿ. ಕಣ್ಣು ಓದಿತು, ತಲೆಗೆ ಹೋಗಲಿಲ್ಲ. ಒತ್ತಿದೆ.

ಸಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ತುಂಬಲು ಹಚ್ಚಿದೆ. ಶೇಕಡಾ ಅರವತ್ತನಾಲ್ಕಕ್ಕೆ ನಿಂತಿತು. ಮತ್ತೆ ಮೊದಲಿನಿಂದ ಶುರು ಮಾಡಿದರೆ ಈ ಸಲ ಇಪ್ಪತ್ತೊಂದಕ್ಕೇ ನಿಂತಿತು. ಮೂರನೇ ಸಲ ಪೂರ್ತಿ ಆಯಿತು. ಗೆದ್ದೆ ಎಂದುಕೊಂಡು ರೀಸ್ಟಾರ್ಟ್ ಮಾಡಿದರೆ ಮತ್ತೆ ನೀಲಿ ಪರದೆ. ಒಂದೇ ಜಾಗದಲ್ಲಿ ನಿಂತರೆ ಕಾರಣ ಹುಡುಕಬಹುದು, ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲುತ್ತಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಗೆ ಕಂಪ್ಯೂಟರಿನ ನೆನಪಿನ ಪಟ್ಟಿಯಾದ ರ್‍ಯಾಮಿನ ಹಲ್ಲುಗಳು ಮಂಕಾಗುತ್ತವೆ. ಅವನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಕೇಬಲ್ ಬದಲಿಸಿದೆ, ಪವರ್ ಸಪ್ಲೈ ಡಬ್ಬಿಯನ್ನೂ ಬದಲಿಸಿದೆ. ನನ್ನ ವಿಂಡೋಸ್ ಪೆನ್ ಡ್ರೈವೇ ಕೆಟ್ಟಿರಬಹುದೆಂದು ಹೊಸದು ಮಾಡಿದೆ. ಪ್ರತಿ ಸಲ ಆನ್ ಮಾಡುವಾಗಲೂ ಅದೇ ಬಿಳಿ ಸಾಲು ಬರುತ್ತಿತ್ತು, ನಾನು ಎಫ್ ಒನ್ ಒತ್ತುತ್ತಿದ್ದೆ. ರೋಗ ಎಲ್ಲಿದೆ ಎಂದು ಯಂತ್ರ ಬಾಯಿಬಿಟ್ಟು ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿ ಮೈಯೆಲ್ಲ ತಡಕಾಡುತ್ತಿದ್ದೆ.

ಹಾರ್ಡ್ ಡಿಸ್ಕಿನೊಳಗೆ ತಟ್ಟೆಯೊಂದು ಮಿನಿಟಿಗೆ ಏಳು ಸಾವಿರದಷ್ಟು ಸುತ್ತು ತಿರುಗುತ್ತದೆ. ಅದನ್ನು ಮುಟ್ಟದೆ, ಕೂದಲೆಳೆಗಿಂತ ಸಣ್ಣ ಅಂತರದಲ್ಲಿ ಓದುವ ತಲೆ ಓಡಾಡುತ್ತದೆ. ತಟ್ಟೆಗೆ ಗೀರು ಬಿದ್ದರೆ ಆ ಜಾಗ ಓದಲು ಬರುವುದಿಲ್ಲ. ಅಂಥ ಡಿಸ್ಕನ್ನು ಹೆಚ್ಚು ಓಡಿಸಿದಷ್ಟೂ ಗೀರು ಹೆಚ್ಚುತ್ತದೆ. ಬದುಕಿರುವಾಗಲೇ ಬೇಕಾದ್ದನ್ನು ತೆಗೆದುಕೊಂಡು ಅದನ್ನು ಬದಿಗಿಡಬೇಕು. ಇದು ನನಗೆ ಗೊತ್ತಿರದ ವಿಷಯವಲ್ಲ. ಆದರೂ ಬುಧವಾರ ಸಂಜೆ ಡಿಸ್ಕನ್ನು ಮೂಲೆಮೂಲೆ ತಪಾಸಣೆ ಮಾಡುವ ಪ್ರೋಗ್ರಾಂ ಹಚ್ಚಿ ಮನೆಗೆ ಹೋದೆ. ಸೋತ ಎತ್ತಿಗೆ ರಾತ್ರಿಯಿಡೀ ಗದ್ದೆ ಹೂಡಿಸಿದ ಹಾಗಾಯಿತು.

ಗುರುವಾರ ವಿಂಡೋಸ್ ಹೇಗೋ ತೆರೆದುಕೊಂಡಿತು. ಡಿಯಲ್ಲಿರುವುದು ಸರಿಯಿದೆಯೇ ನೋಡೋಣವೆಂದು ಡಿ ಮೇಲೆ ಕ್ಲಿಕ್ ಮಾಡಿದೆ. ಒಂದು ಸಣ್ಣ ಚೌಕ ಬಂತು: ಡಿ ಡ್ರೈವ್ ಬಳಸುವ ಮೊದಲು ಅದನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಅಲ್ಲಿ ನಾನು ಬೇಡವೆಂದು ಒತ್ತಿ ಕೈ ತೊಳೆದುಕೊಂಡಿದ್ದರೆ ಈ ಬರಹ ಇರುತ್ತಿರಲಿಲ್ಲ. ಮೂರು ದಿನದಿಂದ ಯಂತ್ರ ಕೇಳಿದ ಪ್ರಶ್ನೆಗೆಲ್ಲ ಹೌದು ಎನ್ನುತ್ತಲೇ ಇದ್ದ ಕೈ. ಹೌದು ಎಂದೆ. ಒಂದು ಕ್ಷಣದ ಮೇಲೆ “ಡಿ ಮುಟ್ಟೂದೇ ಇಲ್ಲ” ಎಂದ ನನ್ನ ಮಾತೇ ನೆನಪಾಗಿ ರದ್ದು ಮಾಡಲು ಹೋದೆ. ಅಷ್ಟರಲ್ಲಿ ಡಿಸ್ಕಿನೊಳಗಿಂದ ಟಕ್, ಟಕ್ ಎಂಬ ಸದ್ದು ಶುರುವಾಯಿತು. ಆಫ್ ಮಾಡಿ ಆನ್ ಮಾಡಿದೆ. ಡಿಸ್ಕ್ ಇದೆಯೆಂದೇ ಯಂತ್ರ ಗುರುತಿಸಲಿಲ್ಲ. ಆ ಬಿಳಿ ಸಾಲೂ ಬರಲಿಲ್ಲ.

ಶುಕ್ರವಾರ ನಾಗೇಶ ಬಂದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಅರ್ಧ ಬಾಗಿಲು ಎಳೆದು, ಮಾತು ತಗ್ಗಿಸಿ ಹೇಳಿದ. “ಅವತ್ತು ಈಶ್ವರಣ್ಣ ಇದ್ದ, ಹೇಳೂಕೆ ಆಗ್ಲಿಲ್ಲ. ಡಿಯಲ್ಲಿ ಅಣ್ಣನ ಪಾಯಿಂಟು ಇದೆ ಮಾಸ್ತರ್ರೆ. ನಾನ್ನೂರಾ ಹನ್ನೆರಡು.”

ಸಮುದ್ರದಡಿಯ ಬಂಡೆ, ಮುಳುಗಿದ ಹಳೆಯ ಬೋಟಿನ ಹಲಗೆ, ಹೀಗೆ ಬಲೆ ಸಿಕ್ಕಿ ಹರಿಯುವ ಜಾಗಗಳನ್ನು ತಾಂಡೇಲರು ಜಿಪಿಎಸ್ ಅಂಕೆಗಳಲ್ಲಿ ಗುರುತಿಡುತ್ತಾರೆ. ಅದೇ ಪಾಯಿಂಟು. ಬಂಡೆಯ ಸುತ್ತಲೇ ಮೀನೂ ಹೆಚ್ಚು. ಹಾಗಾಗಿ ಒಂದು ಬೋಟಿನ ಪಾಯಿಂಟನ್ನು ಇನ್ನೊಂದು ಬೋಟಿಗೆ ಹೇಳುವ ಪದ್ಧತಿಯಿಲ್ಲ, ಅಳಿಯನಿಗೂ ಹೇಳುವುದಿಲ್ಲ. ಸುಬ್ರಾಯ ಹನ್ನೊಂದು ವರ್ಷ ಪ್ರತಿ ಸಲ ದಡಕ್ಕೆ ಬಂದ ಮೇಲೆ ಅವನ್ನು ಕಂಪ್ಯೂಟರಿಗೆ ಏರಿಸಿದ್ದ. ಪುಸ್ತಕದಲ್ಲಿ ಬರೆದಿರಲಿಲ್ಲ; ಎರಡನೇ ಕಡೆ ಬರೆದದ್ದು ಎರಡನೇ ಬೋಟಿಗೆ ಹೋಗ್ತದೆ ಎನ್ನುತ್ತಿದ್ದನಂತೆ. ಬೋಟಿನಲ್ಲಿದ್ದ ಜಿಪಿಎಸ್ ಯಂತ್ರಕ್ಕೆ ಹಿಂದಿನ ಹಂಗಾಮಿನಲ್ಲಿ ನೀರು ಹೊಕ್ಕಿತ್ತು. ಹೊಸ ಯಂತ್ರಕ್ಕೆ ತುಂಬಲು ಉಳಿದದ್ದು ಈ ಕಂಪ್ಯೂಟರಿನಲ್ಲಿದ್ದ ಪ್ರತಿ ಮಾತ್ರ.

“ಸಿಯಲ್ಲೊಂದು, ಡಿಯಲ್ಲೊಂದು ಕಾಪಿ ಇಟ್ಟಿದ್ದ. ನೀವೇ ಹೇಳ್ಕೊಟ್ಟದ್ದಂತೆ” ಎಂದ ನಾಗೇಶ.

ನನ್ನ ಬಾಯಿಂದ ಬಂದ ಮಾತನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. “ಡಿಸ್ಕು ಬರೂ ಹೊತ್ತಿಗೇ ಸತ್ತಿತ್ತು ನಾಗೇಶ. ಉಪ್ಪುಗಾಳಿ. ನಾ ಎಂತಾ ಮಾಡೂಕೂ ಆಗ್ಲಿಲ್ಲ.”

ಅವನು ಸ್ಟೂಲಿನ ಮೇಲೆ ಕೂತ. “ನೀಲಿ ಆದಾಗೆಲ್ಲ ಡಬ್ಬಿಗೆ ಎರಡು ಬಡೀತಿದ್ದೆ. ಅದ್ರಿಂದಲೇ ಆತೇನೋ” ಎಂದ. ನಾನು ಅಲ್ಲ ಎನ್ನಲಿಲ್ಲ.

“ಮಂಗಳೂರಿಗೆ, ಬೆಂಗ್ಳೂರಿಗೆ ಕಳ್ಸಿದ್ರೆ ತೆಗ್ದು ಕೊಡೂರು ಇರ್ತಾರಂತಲ್ಲ?”

ಇದ್ದರು. ಕಳಿಸಿದರೆ ಬಂದರೂ ಬರಬಹುದಿತ್ತು. ಆದರೆ ಡಿಸ್ಕನ್ನು ತೆರೆದವರು, ಇದನ್ನು ಈ ವಾರವೇ ಯಾರೋ ಫಾರ್ಮ್ಯಾಟ್ ಮಾಡಿದ್ದಾರೆ ಎಂದು ಹೇಳಿಬಿಡುತ್ತಿದ್ದರು. “ಸುಮ್ನೆ ಖರ್ಚು, ಬರೂದಿಲ್ಲ” ಎಂದೆ. ಇದು ಮೊದಲ ಸುಳ್ಳಿಗಿಂತ ದೊಡ್ಡದು. ಮೊದಲನೆಯದು ನನ್ನ ಮಾನ ಉಳಿಸಿತು. ಇದು ಅವನಿಗಿದ್ದ ಕೊನೆಯ ದಾರಿಯನ್ನೇ ಮುಚ್ಚಿತು. ಡಿಸ್ಕು ಅವನಿಗೆ ಬೇಡವಾಯಿತು. ನಾನು ಎಸೆಯಲಾರದೆ ಮೇಜಿನ ಡ್ರಾಯರಿನಲ್ಲಿಟ್ಟೆ.

ಆಗಸ್ಟ್ ಎರಡನೇ ವಾರ ಈಶ್ವರ ಅಂಗಡಿಗೆ ಬಂದವನು, “ಸುಬ್ರಾಯಣ್ಣನ ಬೋಟಿನ ಬಲೆ ಎರಡು ತುಂಡಾತು ಮಾಸ್ತರ್ರೆ. ಕಲ್ಲಿಗೆ ಸಿಕ್ಕಿ ಬೋಟೇ ಒಂದು ಬದಿಗೆ ವಾಲಿತ್ತಂತೆ. ಪುಣ್ಯಕ್ಕೆ ಜನಕ್ಕೆ ಎಂತ ಆಗ್ಲಿಲ್ಲ” ಎಂದ. ಈ ಸಲ ಅವನೂ ನಗಲಿಲ್ಲ. ನಾನು ಪ್ರಿಂಟರಿಗೆ ಕಾಗದ ತುಂಬುತ್ತಿದ್ದೆ. ಎಷ್ಟು ಹಾಳೆ ತುಂಬಿದೆನೋ, ಮುಚ್ಚಳ ಹಾಕಲು ಬರಲಿಲ್ಲ.

ಎರಡು ವರ್ಷ ಕಳೆಯಿತು. ೨೦೨೪ರ ಮಳೆಗಾಲದ ರಜೆಯಲ್ಲಿ ನಾಗೇಶ ಮತ್ತೆ ಬಂದ. ಮತ್ತೆ ಅರ್ಧ ಬಾಗಿಲು ಎಳೆದ. ಅಂಗಿಯ ಜೇಬಿನಿಂದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

“ಅರವತ್ಮೂರು ಪಾಯಿಂಟು ಆತು. ಒಂದೊಂದಕ್ಕೂ ಬಲೆ ಹರ್ಕಂಡೇ ಕಲ್ತದ್ದು. ಮನೇಲೊಂದು ಕಾಪಿ ಇದೆ, ಇದು ನಿಮ್ಮ ಹತ್ರ ಇರ್ಲಿ. ಬಂದರಿನಲ್ಲಿ ಯಾರ್ನೂ ನಂಬೂಕಾಗೂದಿಲ್ಲ. ನೀವು ಅವತ್ತು ಇದ್ದದ್ದು ಇದ್ದ ಹಾಗೆ ಹೇಳಿದ್ರಿ.”

ತನ್ನ ಬಳಗದವರಿಗೂ ತೋರಿಸದ ವಸ್ತುವನ್ನು ಅವನು ನನಗೆ ಕೊಡುತ್ತಿದ್ದುದು ನನ್ನ ಸುಳ್ಳನ್ನು ನಂಬಿ. ಪೆನ್ ಡ್ರೈವ್ ಮುಟ್ಟಲು ನನಗೆ ಕೈ ಬರಲಿಲ್ಲ. ಡ್ರಾಯರ್ ಎಳೆದು ಹಳೆಯ ಡಿಸ್ಕನ್ನು ಅದರ ಪಕ್ಕದಲ್ಲಿಟ್ಟೆ. ಬಿಳಿ ಸಾಲಿನಿಂದ ಹಿಡಿದು ಮಂಗಳೂರಿನ ಮಾತಿನವರೆಗೆ ಎಲ್ಲವನ್ನೂ ಹೇಳಿದೆ.

 ಮುಗಿದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದ. “ನಾ ತಂದ ದಿವ್ಸ ಅದು ಬದ್ಕಿತ್ತಾ?”

“ಬದ್ಕಿತ್ತು.”

“ಹಾಗಾದ್ರೆ ನಾ ಬಡ್ದದ್ದರಿಂದ ಅಲ್ಲ.”

“ಅಲ್ಲ.”

ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡ. ಡಿಸ್ಕನ್ನೂ ಎತ್ತಿಕೊಂಡ. ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೋದ.

ಡಿಸ್ಕನ್ನು ಎಲ್ಲಿಗಾದರೂ ಕಳಿಸಿದನೋ, ಏನಾದರೂ ಸಿಕ್ಕಿತೋ ನನಗೆ ತಿಳಿಯದು. ಕೇಳುವ ಹಕ್ಕೂ ಇಲ್ಲ. ಅದನ್ನು ಕೊಂದದ್ದು ಮೊದಲ ಫಾರ್ಮ್ಯಾಟೋ, ಬುಧವಾರದ ತಪಾಸಣೆಯೋ, ಗುರುವಾರದ ಹೌದೋ ಎಂಬುದೂ ಇವತ್ತಿನವರೆಗೆ ನನಗೆ ಬಗೆಹರಿದಿಲ್ಲ. ಅವನು ಡಿಸ್ಕ್ ಒಯ್ದ ವರ್ಷವೇ ಅಂಗಡಿ ಮುಚ್ಚಿ ಭಟ್ಕಳದ ಹತ್ತಿರ ಹೆಬಳೆಯಲ್ಲಿ ಮಗಳ ಮನೆಗೆ ಬಂದೆ. ಈಗಲೂ ಯಾರಾದರೂ ಕಂಪ್ಯೂಟರ್ ನೋಡಿ ಎಂದರೆ ಆನ್ ಮಾಡುವ ಮೊದಲು ಅವರನ್ನು ಬದಿಗೆ ಕರೆದು, ಬೇರೆಯವರಿಗೆ ಕೇಳದ ಹಾಗೆ, ಒಳಗೆ ಏನಿದೆ, ಹೋದರೆ ಏನಾಗುತ್ತದೆ ಎಂದು ಕೇಳುತ್ತೇನೆ. ಪರದೆಯ ಮೇಲೆ ಸಾಲು ಬಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು ಓದುತ್ತೇನೆ. ತಿಳಿಯದಿದ್ದರೆ ತಿಳಿಯದು ಎನ್ನುತ್ತೇನೆ. ಮೂವತ್ತು ವರ್ಷದ ಕೆಲಸ ಕಲಿಸಿದ್ದು ಇಷ್ಟೇ. ಕಲಿತದ್ದು ಇನ್ನೊಬ್ಬರ ಬಲೆ ಹರಿದ ಮೇಲೆ.

ಹೊನ್ನಾವರಕ್ಕೆ ಹೋದಾಗ ನಾಗೇಶ ಬಂದರಿನ ರಸ್ತೆಯಲ್ಲಿ ಸಿಗುತ್ತಾನೆ. ನಿಲ್ಲುತ್ತಾನೆ, ಊಟ ಆತಾ ಎಂದು ಕೇಳುತ್ತಾನೆ. ಮಾಸ್ತರ್ರೆ ಎಂದು ಮಾತ್ರ ಕರೆಯುವುದಿಲ್ಲ.