ಗೋಡೆಯ ಕಪ್ಪು ಚುಕ್ಕೆಗೆ ಮುಖ ಮಾಡಿ ಕೂತ ಮಕ್ಕಳು

೧೯೮೪ರಲ್ಲಿ ನಾನು ಪುತ್ತೂರಿನ ಬಸ್ಸು ನಿಲ್ದಾಣದ ಹತ್ತಿರ ಮಕ್ಕಳ ಕ್ಲಿನಿಕ್ ನಡೆಸುತ್ತಿದ್ದೆ. ಜ್ವರ, ವಾಂತಿಭೇದಿ, ಹುಳದ ತೊಂದರೆ, ಇವೇ ದಿನದ ಕೆಲಸ. ಆ ವರ್ಷ ಜುಲೈಯ ಒಂದು ಬೆಳಿಗ್ಗೆ ಕೆದಂಬಾಡಿಯ ಕುಸುಮ ಎಂಬ ತಾಯಿ, ಎಂಟು ವರ್ಷದ ಮಗಳು ವನಿತಾಳನ್ನು ಸೊಂಟದ ಮೇಲೆ ಹೊತ್ತು ಬಂದರು. ಎಂಟು ವರ್ಷದ ಮಗುವನ್ನು ಯಾರೂ ಹಾಗೆ ಹೊತ್ತು ತರುವುದಿಲ್ಲ. ಹಿಂದೆ ಕುಸುಮರ ಗಂಡ ಪದ್ಮನಾಭ ರೈ, ಕೈಯಲ್ಲಿ ಒಂದು ಸಿರಪ್ ಬಾಟಲಿ.

"ಶಾಲೆಯಲ್ಲಿ ಕೂತಲ್ಲಿ ಕೂರುದಿಲ್ಲ, ಹೇಳಿದ್ದು ಕಿವಿಗೆ ಹೋಗುದಿಲ್ಲ ಅಂತ ಹೆಡ್‌ಮಾಸ್ಟರು ಒಬ್ಬ ಡಾಕ್ಟರರ ಹತ್ರ ಕಳಿಸಿದ್ರು. ಅವರು ಇದನ್ನು ಕೊಟ್ರು. ಈಗ ಕೂರ್ತಾಳೆ ಡಾಕ್ಟ್ರೆ. ಆದರೆ ಅನ್ನ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗ್ತಾಳೆ," ಎಂದರು ಕುಸುಮ.

ಬಾಟಲಿಯಲ್ಲಿದ್ದದ್ದು ಫಿನೋಬಾರ್ಬಿಟೋನ್. ಅಪಸ್ಮಾರದ ಮಕ್ಕಳಿಗೆ ಕೊಡುವ ಮದ್ದು ಅದು. ಈ ಹುಡುಗಿಗೆ ಒಮ್ಮೆಯೂ ಫಿಟ್ಸ್ ಬಂದದ್ದಿಲ್ಲ. ತರಗತಿ ಗಲಾಟೆಯಿಲ್ಲದೆ ನಡೆಯಲಿ ಎಂದು ಒಂದು ಮಗುವಿಗೆ ಮಂಪರು ಕುಡಿಸಿದ್ದರು. ಆ ಬಾಟಲಿಯನ್ನು ಕೈಯಲ್ಲಿ ಹಿಡಿದಾಗ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಬರೆದುಕೊಟ್ಟವರು ನನ್ನದೇ ವೃತ್ತಿಯವರು.

ಆ ಮದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಕೆಲವು ವಾರ ತೆಗೆದುಕೊಂಡು ಹಂತಹಂತವಾಗಿ ಇಳಿಸಿದೆ. ವನಿತಾ ಎಚ್ಚರಗೊಂಡಳು. ನನ್ನ ಸ್ಟೆತೊಸ್ಕೋಪನ್ನು ಕಿವಿಗೆ ಹಾಕಿಕೊಂಡು ಮೇಜಿನ ಎದೆಬಡಿತ ಕೇಳಿದಳು, ಒಂದು ಪ್ರಶ್ನೆ ಕೇಳಿ ಉತ್ತರ ಬರುವ ಮೊದಲೇ ಇನ್ನೊಂದಕ್ಕೆ ಹಾರಿದಳು. ಬುದ್ಧಿಗೆ ಏನೂ ಕೊರತೆಯಿರಲಿಲ್ಲ. ಗಮನ ಒಂದು ಕಡೆ ನಿಲ್ಲುತ್ತಿರಲಿಲ್ಲ, ಅಷ್ಟೆ. ಇದಕ್ಕೆ 'ಅಟೆನ್ಶನ್ ಡೆಫಿಸಿಟ್' ಎಂಬ ಹೆಸರು ವೈದ್ಯಕೀಯ ಪುಸ್ತಕಗಳಿಗೆ ಆಗಷ್ಟೇ ಬಂದಿತ್ತು. ನಮ್ಮೂರಲ್ಲಿದ್ದ ಹೆಸರು 'ಪೋಕರಿ'.

"ಮದ್ದಿಲ್ಲದೆ ಎಂತಾದ್ರೂ ದಾರಿ ಉಂಟಾ?" ಎಂದು ಕುಸುಮ ಕೇಳಿದರು. ಆ ಸಿರಪ್ ಕಂಡ ತಾಯಿ ಬೇರೆ ಏನು ಕೇಳಬೇಕು? ಉಂಟು ಎಂದೆ. ಪಾಠವನ್ನು ತುಂಡುತುಂಡು ಮಾಡಿ ಕೊಡಿ, ನಡುವೆ ಎದ್ದು ಓಡಾಡಲಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮಾಡಿದ ಕೂಡಲೇ ಒಳ್ಳೆಯದಾಯಿತು ಅನ್ನಿ, ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರಿಸಲು ಹೇಳಿ. ಮನೆಯಲ್ಲಿ ಅವರು ಎಲ್ಲವನ್ನೂ ಮಾಡಿದರು. ಶಾಲೆಯವರು ಯಾವುದಕ್ಕೂ ಒಪ್ಪಲಿಲ್ಲ. ನಾನೇ ಹೋಗಿ ಹೆಡ್‌ಮಾಸ್ಟರನ್ನು ಕಂಡೆ.

"ಮೇಡಂ, ಮದ್ದಿನಲ್ಲಿ ಸರಿಯಾಗಿದ್ದಳು. ನಿಲ್ಲಿಸಿದ್ದು ನೀವು," ಎಂದರು. "ದಸರಾ ರಜೆ ಮುಗಿದ ಮೇಲೂ ಹೀಗೇ ಇದ್ದರೆ ಟಿ.ಸಿ. ಕೊಡ್ತೇನೆ."

ಆ ಗಡುವೇ ಅವರನ್ನು ತಪ್ಪು ದಾರಿಗೆ ತಳ್ಳಿತು. ಮಂಡೆಕೋಲಿನ ಆಚೆ, ಕೇರಳದ ಗಡಿಯ ಹತ್ತಿರ, ಒಬ್ಬ ಮನುಷ್ಯ ಮಕ್ಕಳಿಗೆ ಏಕಾಗ್ರತೆಯ ಶಿಬಿರ ನಡೆಸುತ್ತಾನೆ, ಮದ್ದಿಲ್ಲ, ಮಾತ್ರೆಯಿಲ್ಲ ಎಂದು ಪದ್ಮನಾಭರ ಅಣ್ಣ ಸುದ್ದಿ ತಂದರು. ಕುಸುಮ ನನ್ನನ್ನು ಕೇಳಿದರು. ಅಲ್ಲಿ ಏನು ಮಾಡಿಸುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ. ಜಾಗ ನೋಡದೆ ಮಗುವನ್ನು ಅಲ್ಲಿ ಬಿಡಬೇಡಿ ಎಂದೆ. ಮನೆಯಲ್ಲಿ ಅಣ್ಣನ ಮಾತೇ ನಡೆಯಿತು. ರಜೆ ಶುರುವಾದ ಕೂಡಲೇ ವನಿತಾಳನ್ನು ಬಿಟ್ಟು ಬಂದರು. ಶಿಬಿರ ಮುಗಿಯುವವರೆಗೆ ತಂದೆತಾಯಿ ನೋಡಲು ಬರಬಾರದು, ಬಂದರೆ ಮನಸ್ಸು ಚಂಚಲವಾಗುತ್ತದೆ ಎಂಬುದು ಅಲ್ಲಿನ ನಿಯಮ.

ವಾರ ಕಳೆದ ಮೇಲೆ ಕುಸುಮ ಒಬ್ಬರೇ ಕ್ಲಿನಿಕ್ಕಿಗೆ ಬಂದರು. ಬಟ್ಟೆ ಕೊಡುವ ನೆಪದಲ್ಲಿ ಹೋಗಿದ್ದರಂತೆ. ಗೇಟಿನಿಂದಲೇ ವಾಪಸು ಕಳಿಸಿದ್ದರು.

"ಅಷ್ಟು ಮಕ್ಕಳಿದ್ದ ಮನೆ ಡಾಕ್ಟ್ರೆ. ಒಂದು ಸದ್ದಿಲ್ಲ," ಎಂದರು. "ಒಂದು ಕೆಮ್ಮು ಸಹ ಇಲ್ಲ."

ನಾನು ಕ್ಲಿನಿಕ್ ಮುಚ್ಚಿ, ತಮ್ಮ ಅಂಗಡಿಯಲ್ಲಿದ್ದ ಪದ್ಮನಾಭರನ್ನು ಕರೆಸಿದೆ; ಮೂವರೂ ಬಾಡಿಗೆ ಜೀಪು ಹಿಡಿದು ಶಿಬಿರಕ್ಕೆ ಹೋದೆವು. ಗೇಟಿನಲ್ಲಿದ್ದವನು ತಡೆದಾಗ ಪದ್ಮನಾಭರು ಅವನನ್ನು ಬದಿಗೆ ಸರಿಸಿದರು. ಮಾತೇ ಕಡಿಮೆಯ ಮನುಷ್ಯ, ಅವತ್ತು ಕೈ ಮಾತಾಡಿತು.

ಒಳಗೆ ಉದ್ದನೆಯ ಕೋಣೆ. ಹತ್ತು ಹದಿನೈದು ಮಕ್ಕಳು ಗೋಡೆಗೆ ಮುಖ ಮಾಡಿ ಚಕ್ಕಳಮಕ್ಕಳ ಕೂತಿದ್ದರು. ಪ್ರತಿಯೊಬ್ಬರ ಎದುರು ಗೋಡೆಯಲ್ಲಿ ಒಂದು ಕಪ್ಪು ಚುಕ್ಕೆ. ಎದ್ದೇಳದಂತೆ ಮಡಿಸಿದ ಕಾಲುಗಳನ್ನು ಬೈರಾಸು ಟವೆಲಿನಿಂದ ಬಿಗಿದು ಕಟ್ಟಿದ್ದರು. ಅಲುಗಾಡಿದವರಿಗೆ ಊಟವಿಲ್ಲ, ನೀರಿಲ್ಲ. ಮೂತ್ರದ ವಾಸನೆ ಮುಖಕ್ಕೆ ಹೊಡೆಯಿತು. ಕುಸುಮ ಮಗಳ ಹೆಸರು ಹಿಡಿದು ಕರೆದರು. ವನಿತಾ ತಿರುಗಲಿಲ್ಲ. ಕಣ್ಣು ಮಾತ್ರ ಓರೆಯಾಗಿ ಹೊರಳಿತು, ತಾಯಿಯ ಕಡೆಗಲ್ಲ, ಬಾಗಿಲಲ್ಲಿ ನಿಂತಿದ್ದ, ಶಿಬಿರ ನಡೆಸುವ ಆ ಮನುಷ್ಯನ ಕಡೆಗೆ. ತಲೆ ತಿರುಗಿಸಲು ಅವಳಿಗೆ ಅವನ ಅಪ್ಪಣೆ ಬೇಕಿತ್ತು.

"ನಾವು ಒಂದು ಹನಿ ಮದ್ದು ಕೊಟ್ಟಿಲ್ಲ ಮಾರಾಯ್ರೆ," ಎಂದ ಅವನು, ಬಹಳ ಶಾಂತವಾಗಿ.

"ಒಂದು ಹನಿ ನೀರೂ ಕೊಟ್ಟಿಲ್ಲ," ಎಂದೆ. ಹುಡುಗಿಯ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು. ಮೈಯಲ್ಲಿ ನೀರು ತೀರಿದ ಗುರುತು ಅದು. ಕಟ್ಟು ಬಿಚ್ಚಿದರೂ ಕಾಲು ನೀಡಲು ಆಗಲಿಲ್ಲ. ಉಳಿದ ಮಕ್ಕಳ ಕಟ್ಟುಗಳನ್ನೂ ನಾನು ಮತ್ತು ಕುಸುಮ ಬಿಚ್ಚಿದೆವು, ಕೊಡಪಾನ ಹುಡುಕಿ ನೀರು ಕುಡಿಸಿದೆವು. ಯಾರದೋ ಮಕ್ಕಳನ್ನು ಜೀಪಿಗೆ ಹತ್ತಿಸುವ ಅಧಿಕಾರ ನನಗಿರಲಿಲ್ಲ. ನಾವು ಹೊರಡುವಾಗ ಅವರಲ್ಲಿ ಕೆಲವರು, ಯಾರೂ ಹೇಳದೆಯೇ, ಮತ್ತೆ ಗೋಡೆಯ ಕಡೆ ತಿರುಗಿ ಕೂತರು.

ಪುತ್ತೂರಿಗೆ ಬಂದು ಡ್ರಿಪ್ ಹಾಕಿದೆ. ಮರುದಿನ ಪೊಲೀಸರಿಗೆ ದೂರು ಕೊಡೋಣ ಎಂದಾಗ ಪದ್ಮನಾಭರ ಅಣ್ಣ ಅಡ್ಡ ನಿಂತರು: "ಹೆಣ್ಣು ಮಗು. ನಾಳೆ ಸಂಬಂಧ ಕೇಳುವವರು ಇದನ್ನೆಲ್ಲ ಕೇಳ್ತಾರೆ." ನನ್ನ ಹೆಸರಿನಲ್ಲೇ ದೂರು ಕೊಟ್ಟೆ. ವಿಚಾರಣೆಗೆ ಹೋದ ಪೊಲೀಸರು ಶಿಬಿರಕ್ಕೆ ಮುಂಚೆಯೇ ತಿಳಿಸಿ ಹೋದರು. ಬಂದು ನನಗೆ ಹೇಳಿದ್ದು: "ಮಕ್ಕಳು ಚಂದ ಕೂತಿದ್ದಾರೆ ಡಾಕ್ಟ್ರೆ. ತೊಂದರೆ ಎಂತದೂ ಕಾಣಲಿಲ್ಲ." ಚಂದ ಕೂತಿದ್ದಾರೆ. ಹೆಡ್‌ಮಾಸ್ಟರಿಗೆ ಬೇಕಾದದ್ದೂ ಅದೇ, ಸಿರಪ್ ಬರೆದವರಿಗೆ ಬೇಕಾದದ್ದೂ ಅದೇ. ಕೂತ ಮಗುವಿಗೆ ಏನಾಗಿದೆ ಎಂದು ಯಾರೂ ಕೇಳಲಿಲ್ಲ.

ಆ ಶಿಬಿರವನ್ನು ಮುಚ್ಚಿಸಿದ್ದು ನನ್ನ ದೂರಲ್ಲ. ಮುಂದಿನ ತಂಡದ ಮಕ್ಕಳು ಸೇರುವ ಭಾನುವಾರ ಕುಸುಮ ಮನೆಯಲ್ಲಿ ಯಾರನ್ನೂ ಕೇಳದೆ ಬಸ್ಸು ಹತ್ತಿದರು. ಆ ಗೇಟಿನೆದುರು ರಸ್ತೆಯಲ್ಲಿ ವನಿತಾಳ ಕೈಹಿಡಿದು ನಿಂತರು. ಮಕ್ಕಳನ್ನು ಕರೆತಂದ ಒಬ್ಬೊಬ್ಬ ತಾಯಿಗೂ ತುಳುವಿನಲ್ಲಿ, ತುಳು ಬಾರದವರಿಗೆ ಹರಕು ಮಲಯಾಳದಲ್ಲಿ, ನಡೆದದ್ದನ್ನು ಹೇಳಿದರು. ಮಗಳ ಲಂಗ ಮೇಲೆತ್ತಿ, ಕಟ್ಟಿನಿಂದಾದ ಕಾಲಿನ ಗಾಯ ತೋರಿಸಿದರು. ಶಿಬಿರದವನು ಹೊರಗೆ ಬಂದು ಬೈದ. ಇವರು ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಂದವರೆಲ್ಲ ಮಕ್ಕಳನ್ನು ಕರೆದುಕೊಂಡು ವಾಪಸಾಗಿದ್ದರು, ಒಳಗಿದ್ದ ಮಕ್ಕಳ ಮನೆಗಳಿಗೂ ಸುದ್ದಿ ಮುಟ್ಟಿತು. ತಿಂಗಳೊಳಗೆ ಆ ಮನೆಗೆ ಬೀಗ ಬಿತ್ತು. ಆ ಮನುಷ್ಯನಿಗೆ ಶಿಕ್ಷೆ ಆಗಲಿಲ್ಲ. ಎಲ್ಲಿಗೆ ಹೋದನೋ, ಅಲ್ಲಿ ಏನು ಶುರು ಮಾಡಿದನೋ ಗೊತ್ತಿಲ್ಲ.

ವನಿತಾಳನ್ನು ಬೇರೆ ಶಾಲೆಗೆ ಸೇರಿಸಿದರು. ಅಲ್ಲಿನ ಟೀಚರ್ ಅವಳಿಂದಲೇ ಬೋರ್ಡು ಒರೆಸಿಸಿದರು, ಪುಸ್ತಕ ಹಂಚಿಸಿದರು, ಎದ್ದು ಓಡಾಡಲು ಕಾರಣ ಕೊಟ್ಟರು. ಆದರೂ ಹೆಸರು ಕರೆದರೆ ತಿರುಗಿ ನೋಡಲು ಅವಳಿಗೆ ವರ್ಷವೇ ಹಿಡಿಯಿತು. ಎಸ್ಸೆಸ್ಸೆಲ್ಸಿ ಎರಡನೆಯ ಸಲಕ್ಕೆ ಪಾಸಾಯಿತು. ಈಗ ಪುತ್ತೂರಿನ ಹತ್ತಿರದ ಸವಣೂರಿನಲ್ಲಿ ಗಂಡನ ಜೊತೆ ಬೇಕರಿ ನಡೆಸುತ್ತಾಳೆ, ಮಾತು ಆಡುತ್ತಲೇ ಇರುತ್ತಾಳೆ.

ಮದ್ದಿಲ್ಲದೆ ಮಕ್ಕಳನ್ನು ಸರಿ ಮಾಡುತ್ತಾರಂತೆ, ಕಳಿಸಲೇ ಎಂದು ಆಮೇಲೂ ಎಷ್ಟೋ ತಂದೆತಾಯಿ ನನ್ನ ಬಳಿ ಬಂದಿದ್ದಾರೆ. ಯೋಗ, ಪಥ್ಯ, ಆಟ, ತರಬೇತಿ, ಯಾವುದನ್ನೂ ನಾನು ಬೇಡ ಎನ್ನಲಿಲ್ಲ. ಮದ್ದು ಇದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆಯಲ್ಲ ಎಂದು ಕೆಲಸ ನನಗೆ ಕಲಿಸಿತ್ತು. ನಾನು ಕೇಳುತ್ತಿದ್ದದ್ದು ಇಷ್ಟೇ: ಅದು ನಡೆಯುವಾಗ ನಿಮ್ಮನ್ನು ಮಗುವಿನ ಪಕ್ಕದಲ್ಲಿ ಕೂರಲು ಬಿಡುತ್ತಾರಾ? ಬಿಡುವುದಿಲ್ಲ ಎಂದಾದರೆ ಮಗುವನ್ನು ಮನೆಗೆ ಕರೆದುಕೊಂಡು ಹೋಗಿ.