ಎಡಗಾಲಿನ ಗುರುತಿನ ಹುಂಜ

ಚಿಕ್ಕಬಸಮ್ಮನ ಹಿತ್ತಿಲಲ್ಲಿ ಏಳು ಹೇಟೆ, ಒಂದು ಹುಂಜ. ಯಾವ ಹೇಟೆ ಮೊಟ್ಟೆಗೆ ಬಂದಿದೆ, ಯಾವುದು ಕಾವಿಗೆ ಕೂರಲು ಜಾಗ ಹುಡುಕುತ್ತಿದೆ ಎಂಬುದನ್ನು ಒಲೆಯ ಮುಂದೆ ಕೂತೇ ಅವಳು ಸದ್ದಿನಿಂದ ಹೇಳಬಲ್ಲಳು. ಶಾಗ್ಯದಿಂದಾಚೆಯ ಆ ಸಣ್ಣ ಊರಿಗೆ ಸೊಸೆಯಾಗಿ ಬಂದು ಮೂವತ್ತೆರಡು ವರ್ಷ. ಕೂಲಿಯಿಲ್ಲದ ದಿನಗಳು ಬಂದು ಹೋಗಿವೆ, ಕೋಳಿಯಿಲ್ಲದ ದಿನ ಬಂದಿಲ್ಲ.

ಮರಿಗಳ ಕಾಲ್ಬೆರಳಿನ ತುದಿ ಕತ್ತರಿಸಿ ಗುರುತು ಮಾಡುವುದು ಆ ಕೇರಿಯ ರೂಢಿ. ಇವಳ ಮನೆಯ ಗುರುತು ಬಲಗಾಲಿನಲ್ಲಿ. ಈ ಹುಂಜಕ್ಕೆ ಮಾತ್ರ ಎಡಗಾಲಿನಲ್ಲಿ. ಹಾಗೆಂದರೆ ಅದು ಮಾರಮ್ಮನ ಹಬ್ಬಕ್ಕೆ ಬಿಟ್ಟದ್ದು. ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ನೆಂಟರು ಬಂದರೆಂದು ಕುಯ್ಯುವಂತಿಲ್ಲ.

ಮೂರು ವರ್ಷದ ಹಿಂದೆ ಮಗಳು ಕುಸುಮಳಿಗೆ ಏಳನೇ ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣುಮಗು. ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು. ಆಸ್ಪತ್ರೆಯಲ್ಲಿ ಅದನ್ನಿಟ್ಟ ಗಾಜಿನ ಪೆಟ್ಟಿಗೆಯ ಹತ್ತಿರ ಅಜ್ಜಿಯನ್ನು ಬಿಡಲಿಲ್ಲ. ಚಿಕ್ಕಬಸಮ್ಮ ಊರಿಗೆ ಬಂದವಳೇ ಮರಿಗಳ ಮೇಲೆ ಮುಚ್ಚಿದ್ದ ಮಂಕರಿ ಎತ್ತಿ, ಐದು ದಿನದ ಮರಿಗಳಲ್ಲಿ ಗಟ್ಟಿಯಾದದ್ದನ್ನು ಹಿಡಿದು, ಎಡಗಾಲಿನ ಬೆರಳು ಕತ್ತರಿಸಿ, “ತಾಯಿ, ಇದು ನಿಂದು, ಅದು ನಂದು” ಎಂದಳು. ತಿಳಿದವರು ಹಾಗೆ ಮಾಡುವುದಿಲ್ಲ. ಹಬ್ಬ ಹತ್ತಿರ ಬಂದಾಗ ಬಲಿತ ಹುಂಜವೊಂದನ್ನು ಬಿಡುತ್ತಾರೆ. ಅವಳಿಗೆ ಅಷ್ಟು ಕಾಯುವ ತ್ರಾಣವಿರಲಿಲ್ಲ.

ಮಗು ಉಳಿಯಿತು. ಮರಿಯೂ ಉಳಿಯಿತು. ಹಬ್ಬ ಮಾತ್ರ ನಡೆಯಲಿಲ್ಲ. ಯಾವ ಬೀದಿಯ ತಂಬಿಟ್ಟಿನ ಆರತಿ ಮೊದಲು ಹೋಗಬೇಕೆಂದು ಎರಡು ಬೀದಿಗಳಿಗೆ ಜಗಳ ಹತ್ತಿ ಗುಡಿಗೆ ಬೀಗ ಬಿತ್ತು. ಒಂದು ವರ್ಷ, ಎರಡು, ಈಗ ಮೂರು. ಹುಂಜ ಬಲಿತು, ಕಾಲಿನ ಮುಳ್ಳು ಬೆರಳುದ್ದವಾಯಿತು.

ಈ ಯುಗಾದಿಗೆ ಯಳಂದೂರಿನಿಂದ ಕುಸುಮ ಬಂದಿದ್ದಳು. ಮಗು ಹಿತ್ತಿಲಿಗೆ ಓಡಿತು. ಹುಂಜ ಎಗರಿದ ರಭಸಕ್ಕೆ ಮಗು ಬಿದ್ದಿತು. ಕಣ್ಣಿನ ಕೆಳಗೆ ಮುಳ್ಳು ಸೀಳಿತ್ತು. ಕಾಮಗೆರೆಯ ಆಸ್ಪತ್ರೆಗೆ ಓಡಿ ಮೂರು ಹೊಲಿಗೆ ಹಾಕಿಸಿದರು.

“ಅವ್ವ, ಆ ಹುಂಜ ಇರೋಗಂಟ ನಾನು ಮಗೀನ ಇಲ್ಲಿಗೆ ಕರ್ಕಂಡ್ ಬರಾಕಿಲ್ಲ” ಎಂದಳು ಕುಸುಮ.

“ಅದುನ್ನ ಬುಟ್ಟಿದ್ಕೆ ಕಣವ್ವ ನಿನ್ ಮಗಿ ಉಳ್ದಿದ್ದು.”

“ಉಳ್ಸುದ್ದು ಡಾಕ್ಟ್ರು. ನಿನ್ ಹುಂಜ ಕಣ್ ಕೀಳಾಕ್ ಬಂತು.”

ಚಿಕ್ಕಬಸಮ್ಮನ ಗಂಡ ಚಿಕ್ಕಸಿದ್ದಯ್ಯ ಕತ್ತಿ ಮಸೆದ. “ಮಾರಮ್ಮಂಗೆ ನಾನೇ ಜವಾಬು ಯೋಳ್ತೀನಿ, ಬುಡು.”

“ಪಂಚಾಯ್ತಿ ಆಪೀಸ್ನಲ್ಲೇ ಬಾಯ್ ಬುಡ್ದೋನು, ಮಾರಮ್ಮನ್ ಮುಂದೆ ಬುಟ್ಟಿಯಾ?”

ಅವನು ಹುಂಜವನ್ನು ಹಿಡಿದು ಕಾಲು ತಿರುಗಿಸಿದ. ಎಡಗಾಲಿನ ಮೋಟು ಬೆರಳು ಕಂಡಿತು. “ನಾಳೆ ನೋಡುಮ” ಎಂದು ಕೆಳಗಿಟ್ಟ. ಮರುದಿನ ಸೋಮವಾರ, ಮಾದಪ್ಪನ ಒಕ್ಕಲಿನವರು ಅಂದು ಕುಯ್ಯುವುದಿಲ್ಲ. ಮಂಗಳವಾರ ಅವನು ಆ ಮಾತೆತ್ತಲಿಲ್ಲ.

ಚಿಕ್ಕಬಸಮ್ಮ ಗುಡಿಯ ಪೂಜಾರಿ ಪುಟ್ಟಮಾದಯ್ಯನ ಮನೆಗೆ ಹೋದಳು.

“ಬ್ಯಾರೆ ಹುಂಜ ಕೊಟ್ರೆ ಆದದಾ, ಅಣ್ಣಯ್ಯ?”

“ಬೆರಳ್ ಕತ್ರಿಸ್ದಾಗ ರಕ್ತ ಬಂದಿತ್ತಾ?”

“ಒಂಚೂರು.”

“ಮತ್ತೆ! ಅರ್ಧ ಆಗ್ಲೇ ಇಸ್ಕಂಡವ್ಳೆ ಅವ್ಳು.”

“ಇದ್ನ ಎಲ್ಲಾರ ಸಾಗಾಕ್ಬುಟ್ರೆ?”

“ಏನೂ ಆಗ್ದೆನೂ ಇರಬೌದು ಕಣವ್ವ. ನಾನೆಂಗ್ ಯೋಳ್ಲಿ? ಮಗಿ ನಿಂದು.”

ಮೂರು ತಿಂಗಳು ಮಗು ಬರಲಿಲ್ಲ. ಒಮ್ಮೆ ಅವಳೇ ಯಳಂದೂರಿಗೆ ಹೋದಳು. ಬೀಗರ ಮನೆಯಲ್ಲಿ ಮಧ್ಯಾಹ್ನದ ಊಟದಾಚೆ ಕೂರಲು ಸಂಕೋಚ. ಮಗು ಮೊದಲು ಗುರುತು ಹಿಡಿಯಲಿಲ್ಲ. ಗುರುತು ಹಿಡಿದು ತೊಡೆಯೇರುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ವಾಪಸಾಗುವಾಗ, ಕಿಟಕಿಯ ಪಕ್ಕ ಕೂತು, ಅವಳು ತೀರ್ಮಾನ ಮಾಡಿದಳು.

ಕೋಳಿ ವ್ಯಾಪಾರದ ಶಂಕರ ಮರುದಿನ ಬೆಳಿಗ್ಗೆ ಬಂದ. ಅವನು ಗೋಪಿನಾಥಂ ಕಡೆಯವನು, ಈ ಊರಿನ ಗುರುತು ಅವನಿಗೆ ತಿಳಿಯದು. ಅವಳೇ ಹುಂಜದ ಕಾಲು ಕಟ್ಟಿದಳು. ಅವನ ಕೈಗೆ ಕೊಡುವಾಗ ಫೋನು ಹೊಡೆದುಕೊಂಡಿತು. ಕುಸುಮ.

“ಅವ್ವ, ಬೆಳಗಿಂದ ಮಗೀಗೆ ಜ್ವರ. ಕೆಂಡ್ದಂಗೆ ಸುಡ್ತಾದೆ.”

ಕುಸುಮ ಇನ್ನೂ ಏನೋ ಹೇಳುತ್ತಿದ್ದಳು. ಚಿಕ್ಕಬಸಮ್ಮ ಫೋನನ್ನು ನೆಲಕ್ಕಿಟ್ಟು ಹುಂಜವನ್ನು ಕಿತ್ತುಕೊಂಡಳು. ಗಂಟು ಕೈಗೆ ಸಡಿಲಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

“ಏನಕ್ಕ, ಆಟ ಆಡ್ತೀಯಾ?” ಎಂದ ಶಂಕರ.

“ಓಗಪ್ಪ, ನೀನೋಗು.”

ನೆಗಡಿಯ ಜ್ವರ. ಎರಡು ದಿನಕ್ಕೆ ಇಳಿಯಿತು. ಮೂರನೆಯ ದಿನ ಮಗು ಅಂಗಳದಲ್ಲಿ ಆಡುತ್ತಿದೆಯೆಂದು ಕುಸುಮಳೇ ಫೋನು ಮಾಡಿದಳು.

“ಅವತ್ತು ಕೋಳಿ ಯಾಪಾರ್ದೋನು ಬಂದಿದ್ನಂತೆ, ಅಪ್ಪ ಯೋಳ್ತು. ಓಯ್ತಾ ಅವ್ವ ಆ ಹುಂಜ? ಶನಿವಾರ ಬರ್ಲಾ ನಾವು?”

ಚಿಕ್ಕಬಸಮ್ಮ ಹುಂಜ ಕೆದಕುತ್ತಿದ್ದ ಹಿತ್ತಿಲಿಗೆ ಬೆನ್ನು ಮಾಡಿ ನಿಂತಳು.

“ಬ್ಯಾಡ ಕಣವ್ವ” ಎಂದಳು. “ಈ ಶನಿವಾರ ಬ್ಯಾಡ.”